ಚೈನು ಕೊರಳಿಗೆ ಹಾಕುತ್ತಿದ್ದ ಮೇಸ್ತ್ರಿ

ನನ್ನ ಮೊಮ್ಮಗಳ ಚೈನು ಹರಿಯಲಿಲ್ಲ. ಉಳಿದದ್ದೆಲ್ಲ ಆಮೇಲೆ, ಮೊದಲು ಇದು. ಹರಿಯಲಿಲ್ಲ. ಪುಣೆ ಕಡೆಯ ಕಾರ್ಖಾನೆಯಲ್ಲಿ ಅದನ್ನು ಯಂತ್ರಕ್ಕೆ ಕಟ್ಟಿ ಹಗಲೂ ರಾತ್ರಿ ಓಡಿಸಿದರಂತೆ. ಕಾಯಿಸಿ ಓಡಿಸಿದರು, ಎಣ್ಣೆ ಕಡಿಮೆ ಮಾಡಿ ಓಡಿಸಿದರು, ಒಮ್ಮೆಲೇ ಜಗ್ಗಿ ಒಮ್ಮೆಲೇ ಸಡಿಲ ಬಿಟ್ಟರು. ಕೊನೆಗೆ ಬಿಚ್ಚಿ ಒಂದೊಂದು ಪಟ್ಟಿಯನ್ನೂ ದೊಡ್ಡದಾಗಿ ತೋರಿಸುವ ಗಾಜಿನ ಕೆಳಗಿಟ್ಟು ಹುಡುಕಿದರೆ ಕೂದಲೆಳೆಯಷ್ಟು ಸೀಳೂ ಸಿಗಲಿಲ್ಲ. ಇನ್ನು ಅದು ಗಾಡಿಗೆ ಹತ್ತುತ್ತದೆ, ರಸ್ತೆಗೆ ಬರುತ್ತದೆ. ನಿನ್ನೆ ಬೆಳಿಗ್ಗೆ ಗಂಗಾವತಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಇದನ್ನು ಹೇಳಿದಳು. ಫೋನಿನಲ್ಲಿ ಹೇಳಬಹುದಿತ್ತು; ನನ್ನ ಮುಖ ನೋಡಬೇಕೆಂದು ತಡೆದುಕೊಂಡು ಬಂದಿದ್ದಳು. ನಾನು ಅವಳ ಕೆನ್ನೆ ಸವರಿ ಲಟಿಕೆ ಮುರಿದೆ, ಹುಲಿಗೆಮ್ಮನಿಗೆ ನಿಂತಲ್ಲೇ ಕೈ ಮುಗಿದೆ, ಸಕ್ಕರೆ ಡಬ್ಬಿ ಎತ್ತಿಕೊಂಡು ಓಣಿಗೆ ಇಳಿದೆ.

ಎಂಥ ಚೈನು ಎಂದು ಕೇಳಿದವರಿಗೆಲ್ಲ ನಿಂತು ಹೇಳಿದೆ. ಗೇರು ಹಾಕುವ ಕೆಲಸವೇ ಇಲ್ಲದ ಗಾಡಿಗಳು ಬಂದಿವೆಯಲ್ಲ, ಅವುಗಳ ಹೊಟ್ಟೆಯೊಳಗಿನ ಚೈನು. ಎರಡು ಬುಟ್ಟಿಗಳನ್ನು ತಳಕ್ಕೆ ತಳ ಹಚ್ಚಿ ಇಟ್ಟರೆ ನಡುವೆ ಒಂದು ಸೊಂಟ ಆಗುತ್ತದೆ. ಅಂಥವು ಎರಡು ಜೋಡಿ. ಆ ಸೊಂಟಗಳಲ್ಲಿ ಚೈನು ಕೂರುತ್ತದೆ. ಬುಟ್ಟಿಗಳು ಹತ್ತಿರ ಬಂದರೆ ಚೈನು ಮೇಲೇರುತ್ತದೆ, ದೂರ ಸರಿದರೆ ಒಳಗಿಳಿಯುತ್ತದೆ. ಗಾಡಿಯ ಓಟ ಹೆಚ್ಚುಕಡಿಮೆ ಆಗುತ್ತದೆ. ಸೈಕಲ್ಲಿನ ಹಾಗೆ ಹಲ್ಲಿಲ್ಲ. ಸಾಲು ಸಾಲು ಉಕ್ಕಿನ ಪಟ್ಟಿಗಳ ತೂತಿಗೆ ಅಡ್ಡ ಪಿನ್ನು ಪೋಣಿಸಿ ಮಾಡಿದ ಚೈನು ಅದು. ಚೈನಿನ ಪಿನ್ನುಗಳ ಎರಡೂ ತುದಿಗಳನ್ನು ಬುಟ್ಟಿಗಳು ಚಿವುಟಿ ಹಿಡಿದಿರುತ್ತವೆ, ಆ ಚಿವುಟಿನಲ್ಲೇ ಇಡೀ ಗಾಡಿಯ ಭಾರ ಎಳೆಯಬೇಕು. ಮೂರನೇ ಇಯತ್ತೆ ಕಲಿತ ನನಗೆ ಇಷ್ಟು ತಿಳಿಯಲು ಅವಳು ಎಷ್ಟು ಸಲ ಹೇಳಿದ್ದಳೋ. ಓಣಿಯವರಿಗೆ ಮಾತ್ರ ನಾನೇ ಅದನ್ನು ಮಾಡಿದವಳ ಹಾಗೆ ಹೇಳಿದೆ.

ಓಣಿ ಮುಗಿಯಿತು. ಒಂದು ಮನೆ ಉಳಿಯಿತು. ಬರೆಯಬೇಕಾದದ್ದು ಆ ಮನೆಯವನ ಬಗ್ಗೆಯೇ. ಅವನ ಹೆಸರು ಬರೆಯುವುದಿಲ್ಲ. ಅವನು ಯಾರ ಹೆಸರನ್ನೂ ಉಳಿಸಲಿಲ್ಲ. ಎದುರಿಗೆ ಇದ್ದಾಗಲೆಲ್ಲ ರೀ ಹಚ್ಚಿ ಮಾತಾಡಿದ್ದೇನೆ, ಇಲ್ಲಿ ಹಚ್ಚುವುದಿಲ್ಲ.

ಅಕ್ಕಿ ಗಿರಣಿಗಳ ರಸ್ತೆಯಲ್ಲಿ ಅವನದೊಂದು ತಗಡಿನ ಶೆಡ್ಡು. ಸುಗ್ಗಿಗೆ ಭತ್ತ ಕೊಯ್ಯಲು ಬರುವ ದೊಡ್ಡ ಯಂತ್ರಗಳು ಕೆಟ್ಟರೆ ಅಲ್ಲಿಗೇ ಬರುತ್ತಿದ್ದವು. ಅವನು ಯಲಬುರ್ಗಾ ಕಡೆಯವನು, ಕೈಯಲ್ಲಿ ನಟ್ಟು ಬಿಚ್ಚುವ ಒಂದು ಪಾನಾ ಹಿಡಿದು ಬಂದು ಶೆಡ್ಡು ಕಟ್ಟಿಕೊಂಡವನು. ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ನಾನು ಅಲ್ಲಿ ಬಿಡಿಭಾಗಗಳನ್ನು ಡೀಸೆಲಿನಲ್ಲಿ ತೊಳೆಯುತ್ತಿದ್ದೆ. ನನ್ನ ಮಗ ಅಲ್ಲೇ ಫಿಟ್ಟರ್ ಆಗಿದ್ದ. ಆ ಎಣ್ಣೆ, ಮಸಿ, ಕೆಸರಿನ ಶೆಡ್ಡಿನಲ್ಲಿ ಮೇಸ್ತ್ರಿ ಬಿಳಿ ಅಂಗಿ ಹಾಕಿಕೊಂಡು ಕೂರುತ್ತಿದ್ದ. ಸಂಜೆ ಮನೆಗೆ ಹೋಗುವಾಗಲೂ ಬಿಳಿಯಾಗಿಯೇ ಇರುತ್ತಿತ್ತು. ಹೆಂಡತಿ ಒಗೆದು ಒಗೆದು ಕೈ ಸವೆಸಿಕೊಂಡಳು ಎನ್ನುವವರು ಸುಳ್ಳು ಹೇಳುತ್ತಾರೆ. ಅಂಗಿಗೆ ಕಲೆ ಆಗುವಂಥ ಕೆಲಸಕ್ಕೆ ಅವನು ಬೇರೆಯವರ ಮೈ ಇಟ್ಟುಕೊಂಡಿದ್ದ.

ಜೇಬಿನಲ್ಲಿ ಮಡಚಿದ ಬಿಳಿ ಕರವಸ್ತ್ರ. ನಾನು ತೊಳೆದ ಚೈನನ್ನು ಆ ಕರವಸ್ತ್ರದೊಳಗಿನಿಂದ ನಿಧಾನ ಎಳೆಯುತ್ತಿದ್ದ, ಕಣ್ಣು ಮುಚ್ಚಿಕೊಂಡು. ಯಾವ ಕೊಂಡಿ ಬಿಗಿದಿದೆ, ಯಾವುದು ಸಡಿಲ ಎಂದು ಬೆರಳಿಗೆ ಗೊತ್ತಾಗುತ್ತಿತ್ತು. ಬಟ್ಟೆಯ ಮೇಲೆ ಒಂದು ಕರಿ ಗೆರೆ ಬಿದ್ದರೆ ಏನೂ ಅನ್ನುತ್ತಿರಲಿಲ್ಲ. ಆ ಚೈನನ್ನಷ್ಟೇ ಅಲ್ಲ, ಅವತ್ತು ಬೆಳಗಿನಿಂದ ನಾನು ತೊಳೆದಿಟ್ಟದ್ದನ್ನೆಲ್ಲ ಬುಟ್ಟಿಸಮೇತ ಎತ್ತಿ ಉಸುಕಿನ ರಾಶಿಗೆ ಸುರಿಯುತ್ತಿದ್ದ. ಸುರಿದು, ಕರವಸ್ತ್ರ ಮಡಚಿ, ಚಹಾಕ್ಕೆ ಹೋಗುತ್ತಿದ್ದ. ದನಿ ಎತ್ತಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ.

ಅಲ್ಲಿ ದುಡಿದವರಿಗೆ ಅವನು ಇಟ್ಟ ಹೆಸರೇ ಹೆಸರು. ಯಾರು ಏನು ಕೆಡಿಸಿದರೋ ಅದೇ. ಬೇರಿಂಗ್ ಒಡೆದವನು ಬೇರಿಂಗ್. ಬೆಲ್ಟಿನ ಪಟ್ಟಾ ಹರಿದವನು ಪಟ್ಟಾ. ಊರೂ ಹಾಗೇ ಕರೆಯುತ್ತಿತ್ತು. ಬೇರಿಂಗನ ಮದುವೆಗೆ ಹೋದವರಲ್ಲಿ ಎಷ್ಟೋ ಮಂದಿ ಕಾರ್ಡಿನ ಮೇಲಿನ ಹೆಸರು ನೋಡಿ ಬೇರೆ ಯಾರದೋ ಮದುವೆ ಎಂದುಕೊಂಡಿದ್ದರು. ನಾನು ಏನನ್ನೂ ಕೆಡಿಸಿರಲಿಲ್ಲ, ಆದ್ದರಿಂದ ನನ್ನ ಮೈಯ ವಾಸನೆ ಹಿಡಿದು ಡೀಸೆಲ್ ಎಂದು ಕರೆದ. ಹೊಸಬರು ಬಂದರೆ, ಆಗಷ್ಟೇ ಬಿಚ್ಚಿದ ಸುಡುವ ನಟ್ಟನ್ನು ಇಕ್ಕಳದಿಂದ ಎತ್ತಿ ಹಿಡಿ ಎಂದು ಎಸೆಯುತ್ತಿದ್ದ. ಹಿಡಿದವರು ಕೈ ಸುಟ್ಟುಕೊಳ್ಳುತ್ತಿದ್ದರು, ಕೈಬಿಟ್ಟವರು ಕೆಲಸ ಕಳೆದುಕೊಳ್ಳುತ್ತಿದ್ದರು.

ಒಂದು ಮಾತು ಸುಳ್ಳಲ್ಲ. ಅವನ ಶೆಡ್ಡಿನಲ್ಲಿ ದುಡಿದವರ ಕೈಯಲ್ಲಿ ಇವತ್ತಿಗೂ ಎಲ್ಲ ಬೆರಳುಗಳೂ ಇವೆ. ಬೇರೆ ಶೆಡ್ಡುಗಳಲ್ಲಿ ದುಡಿದವರದು ಎಣಿಸಿ ನೋಡಿ. ಓಡುವ ಚೈನಿನ ಹತ್ತಿರ ಯಾರಾದರೂ ಕೈ ಒಯ್ದರೆ ಅದೇ ಕೈಗೆ ಪಾನಾದಿಂದ ಬಾರಿಸುತ್ತಿದ್ದ. ಅವನ ಕಡೆಯವರು ಈಗಲೂ ಇದನ್ನೇ ಹೇಳುತ್ತಾರೆ. ನಾನೂ ಹೇಳಿದೆ, ಮುಗಿಯಿತು.

ಅವನ ದೊಡ್ಡ ಪದ್ಧತಿ ಎಂದರೆ ಕೊರಳಿಗೆ ಹಾಕುವುದು. ಹರಿದದ್ದನ್ನು, ಒಡೆದದ್ದನ್ನು ತಂತಿಗೆ ಕಟ್ಟಿ, ಅದನ್ನು ಕೂರಿಸಿದವನ ಕೊರಳಿಗೆ ಹಾಕಿ ಚಹಾದಂಗಡಿಯ ತನಕ ನಡೆಸಿಕೊಂಡು ಹೋಗುತ್ತಿದ್ದ. ಅವನಿಗೇ ಚಹಾ ಕುಡಿಸುತ್ತಿದ್ದ, ಎಲ್ಲರೂ ನೋಡುವ ಹಾಗೆ.

ನನ್ನ ಮಗನಿಗೆ ಚಹಾದಂಗಡಿಯಲ್ಲಿ ಅಲ್ಲ, ಗದ್ದೆಯಲ್ಲಿ ಹಾಕಿದ. ಕಾರಟಗಿ ಕಡೆಯ ಒಂದು ಗದ್ದೆ. ಕೊಯ್ದ ತೆನೆಯನ್ನು ಯಂತ್ರದ ಒಳಗೆಳೆಯುವ ಚೈನು ಹರಿಯಿತು. ಹಿಂದಿನ ದಿನ ಅದನ್ನು ಕೂರಿಸಿದವನು ನನ್ನ ಮಗ. ನಾನು ಬುತ್ತಿ ತಂದಿದ್ದೆ, ಸಣ್ಣವಳಾಗಿದ್ದ ಮೊಮ್ಮಗಳು ನನ್ನ ಸೆರಗು ಹಿಡಿದುಕೊಂಡು ಬಂದಿದ್ದಳು. ಕೂಲಿಯವರೆಲ್ಲ ಬದುವಿನ ಮೇಲೆ ಸಾಲಾಗಿ ಕೂತು ಉಣ್ಣುತ್ತಿದ್ದರು, ಮಗನೂ ಅವರ ಜೊತೆ. ಯಂತ್ರದ ಮಾಲಕ ಮೇಸ್ತ್ರಿಯ ಮೇಲೆ ಹರಿಹಾಯುತ್ತಿದ್ದ, ಇಡೀ ಸುಗ್ಗಿ ನಿನ್ನಿಂದ ಹಾಳಾಯಿತು ಎನ್ನುತ್ತಿದ್ದ. ಮೇಸ್ತ್ರಿ ಬಗ್ಗಿ ಹರಿದ ಚೈನನ್ನು ತಂತಿಯಿಂದ ಎತ್ತಿ, ಬಿಳಿ ಅಂಗಿಗೆ ತಾಗದ ಹಾಗೆ ದೂರ ಹಿಡಿದು ತಂದು, ಉಣ್ಣುತ್ತ ಕೂತಿದ್ದ ನನ್ನ ಮಗನ ಕೊರಳಿಗೆ ಹಾಕಿದ. ಚೈನಿನ ತುದಿ ಜೋಡಿಸುವ ಲಾಕ್ ಸರಿಯಾಗಿ ಕೂರಿಸಿಲ್ಲ ಇವನು ಎಂದು ಮಾಲಕನಿಗೆ ಹೇಳಿದ. ಮಗ ಏಳಲು ಹೋದ. ಮೇಸ್ತ್ರಿ ಅವನ ಭುಜದ ಮೇಲೆ ಕೈಯಿಟ್ಟ.

"ಏಳಬ್ಯಾಡ. ಅನ್ನ ಬಿಟ್ಟು ಏಳಬಾರದು. ಉಣ್ಣು."

ನನ್ನ ಮಗ ಉಂಡ. ಚೈನಿನ ಎಣ್ಣೆ ಅನ್ನದ ಮೇಲೆ ತೊಟ್ಟಿಕ್ಕುತ್ತಿತ್ತು. ಸಾಲಿನಲ್ಲಿದ್ದವರು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿ ನೋಡಿದರು. ಅದೇ ಹೆಚ್ಚು ಕೆಟ್ಟದ್ದಾಗಿತ್ತು. ತಟ್ಟೆ ಖಾಲಿಯಾಗುವ ತನಕ ಮೇಸ್ತ್ರಿ ಭುಜದ ಮೇಲಿನ ಕೈ ತೆಗೆಯಲಿಲ್ಲ. ಅವತ್ತಿನಿಂದ ನನ್ನ ಮಗನ ಹೆಸರು ಚೈನ್. ಶಾಲೆಯಲ್ಲಿ ನನ್ನ ಮೊಮ್ಮಗಳು ಚೈನಿನ ಮಗಳು.

ಮಗ ಶೆಡ್ಡು ಬಿಟ್ಟ, ಅಕ್ಕಿ ಗಿರಣಿಯ ಬಾಯ್ಲರ್ ಕೆಲಸಕ್ಕೆ ಸೇರಿದ. ಆದರೆ ಅವತ್ತಿನಿಂದ ಅವನು ಮಂದಿಯ ನಡುವೆ ಕೂತು ಉಣ್ಣಲಿಲ್ಲ. ಮನೆಯಲ್ಲೂ ಇಲ್ಲ. ತಟ್ಟೆ ಹಿತ್ತಲಿಗೆ ಹೋಗಬೇಕು. ನೀರಿನ ತೊಟ್ಟಿಯ ಪಕ್ಕ ಗೋಡೆಗೆ ಮುಖ ಮಾಡಿ ಉಣ್ಣುತ್ತಾನೆ. ನಂಟರ ಮದುವೆಗಳಲ್ಲಿ ಅಕ್ಷತೆ ಹಾಕಿ ಉಪವಾಸ ಬರುತ್ತಾನೆ. ಸೊಸೆ ಅತ್ತಳು, ಜಗಳಾಡಿದಳು, ಕೊನೆಗೆ ತಟ್ಟೆ ಹೊರುವುದನ್ನು ರೂಢಿ ಮಾಡಿಕೊಂಡಳು. ನನಗೆ ರೂಢಿಯಾಗಲಿಲ್ಲ. ಹೆತ್ತವಳಿಗೆ ಮಗನ ಊಟದ ಬೆನ್ನು ಮಾತ್ರ ಕಾಣುವುದು ಯಾವ ನ್ಯಾಯ? ಅವನು ನನ್ನೆದುರು ಕೂತು ಒಂದು ಹೊತ್ತು ಉಣ್ಣಬೇಕು, ಇಷ್ಟೇ ನನ್ನ ಹಟ.

ನಾನು ಮಾತ್ರ ಶೆಡ್ಡು ಬಿಡಲಿಲ್ಲ. ಮಾನ ಇಲ್ಲದವಳು ಎಂದರು. ಅನ್ನಲಿ. ಅವನು ಬೀಳುವುದನ್ನು ನನಗೆ ಹತ್ತಿರದಿಂದ ನೋಡಬೇಕಿತ್ತು.

ಮೊಮ್ಮಗಳು ಶಾಲೆ ಬಿಟ್ಟ ಮೇಲೆ ನನ್ನ ಹತ್ತಿರ ಬಂದು ಕೂರುತ್ತಿದ್ದಳು. ಗುಜರಿಗೆ ಹೋಗುವ ಚೈನುಗಳನ್ನು ತಿರುವಿ ತಿರುವಿ ನೋಡುತ್ತಿದ್ದಳು. ಒಂದು ದಿನ ಮೇಸ್ತ್ರಿಯನ್ನೇ ಕೇಳಿದಳು, ಇದು ಯಾಕೆ ಹರಿಯಿತು ಎಂದು. ಅವನು ಅವಳ ಕಾಲಿನ ಪಕ್ಕದಲ್ಲಿ ಎಲೆ ಅಡಿಕೆ ಉಗುಳಿ, ನಿಮ್ಮಪ್ಪ ಮುಟ್ಟಿರಬೇಕು ಎಂದ. ಹುಡುಗಿ ಕಾಲು ಹಿಂದೆ ತೆಗೆಯಲಿಲ್ಲ. ಮುಂದೆ ಇಂಜಿನಿಯರಿಂಗ್ ಓದಲು ಹೊರಟಾಗ ದಾರಿಯಲ್ಲಿ ಸಿಕ್ಕು ಏನು ಓದುತ್ತೀ ಎಂದು ಕೇಳಿದನಂತೆ. ಯಂತ್ರ ಎಂದಳಂತೆ. ನೀನು ಮಾಡಿದ್ದೂ ಹರಿಯುತ್ತದೆ, ಅವತ್ತು ನಾನು ಬರುತ್ತೇನೆ ಎಂದನಂತೆ.

ಹರಿಯಿತು ಕೂಡ. ಓದು ಮುಗಿಸಿ ಪುಣೆ ಕಡೆಯ ಕಾರ್ಖಾನೆಗೆ ಸೇರಿ ಅವಳು ಮಾಡಿದ ಮೊದಲ ಚೈನು ಅರ್ಧ ಪರೀಕ್ಷೆಯಲ್ಲೇ ತುಂಡಾಯಿತು. ಇನ್ನೊಮ್ಮೆ ತುಂಡಾದರೆ ಆ ಕೆಲಸ ಬೇರೆಯವರಿಗೆ ಎಂದು ಮೇಲಿನವರು ಹೇಳಿದರು. ನಾನು ಸೊಸೆಗೆ ಹೇಳಿದ್ದು ಮೇಸ್ತ್ರಿಯ ಕಿವಿಗೆ ಹೇಗೆ ಬಿತ್ತೋ. ಮರುದಿನ ಅವನು ಒಂದು ಹರಿದ ಚೈನನ್ನು, ತಂತಿಯನ್ನೂ ಕಟ್ಟಿ, ನಮ್ಮ ಮನೆಗೆ ಕಳಿಸಿಕೊಟ್ಟ. ಹುಡುಗಿ ಬಂದರೆ ಹಾಕಿ ಎಂದು ಹೇಳಿ ಕಳಿಸಿದ್ದ. ಅದಾಗಿ ಸ್ವಲ್ಪ ದಿನಕ್ಕೆ ಅವನಿಗೆ ಲಕ್ವ ಹೊಡೆಯಿತು, ಶೆಡ್ಡಿಗೆ ಬೀಗ ಬಿತ್ತು. ನಾನು ಅವತ್ತು ಹೊಟ್ಟೆ ತುಂಬ ಉಂಡೆ.

ಮೊಮ್ಮಗಳು ಆ ದಿನಗಳಲ್ಲಿ ಫೋನು ಮಾಡಿ ಅಳಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

"ಆಯಿ, ಅಪ್ಪನ ಕೊರಳಾಗ ಹಾಕಿದ ಚೈನ್ ಎಲ್ಲಿ ಹರದಿತ್ತು, ನೆನಪೈತೇನು? ನನಗ ನೆನಪೈತಿ. ಲಾಕ್ ಎದಿ ಮ್ಯಾಲಿತ್ತು. ಹೊಸಾದು, ಮಿಂಚತಿತ್ತು. ಲಾಕ್ ಬಿಟ್ಟಿದ್ದಿಲ್ಲ ಆಯಿ, ಬ್ಯಾರೆ ಕಡೆ ಪಟ್ಟಿ ಸೀಳಿತ್ತು."

ಲಾಕ್ ಹಾಕಿದವನು ನನ್ನ ಮಗ. ಪಟ್ಟಿ ಹಳೆಯದು, ಹೊಸ ಚೈನು ತರಿಸದೆ ಅದನ್ನೇ ಹಾಕು ಎಂದು ಕೊಟ್ಟವನು ಮೇಸ್ತ್ರಿ. ಒಡೆದ ಜಾಗವೇ ತಪ್ಪು ಯಾರದು ಎಂದು ಹೇಳುತ್ತದೆ ಎಂದಳು ಮೊಮ್ಮಗಳು. ತನ್ನದನ್ನೂ ಹಾಗೆಯೇ ಹುಡುಕುತ್ತಿದ್ದೇನೆ, ಪಟ್ಟಿಯಲ್ಲಿ ಪಿನ್ನು ಕೂರುವ ತೂತಿನ ಮೂಲೆಯಿಂದ ಸೀಳು ಹೊರಟಿದೆ ಎಂದಳು. ತೂತಿನ ಮೂಲೆಯನ್ನು ಬೇರೆ ರೀತಿ ತಿರುಗಿಸಿ ಎರಡನೆಯ ಚೈನು ಮಾಡಿದಳು. ಗಾಡಿಗೆ ಕಟ್ಟುವ ಮೊದಲೇ ಅದನ್ನು, ಗಾಡಿ ಎಂದೂ ಎಳೆಯದಷ್ಟು ಜೋರಾಗಿ ಒಮ್ಮೆ ಎಳೆದಿಡುತ್ತಾರಂತೆ. ತೂತುಗಳ ಅಂಚು ಒಳಗೊಳಗೇ ಬಿಗಿದುಕೊಂಡು ಮುಂದೆ ಬೇಗ ಸೀಳುವುದಿಲ್ಲವಂತೆ.

ನಿನ್ನೆ ಓಣಿಯಲ್ಲಿ ಇದನ್ನು ಹೇಳಿದ್ದೇ ತಪ್ಪಾಯಿತು. ಎದುರುಮನೆಯವಳು ಸಕ್ಕರೆ ಬಾಯಿಗೆ ಹಾಕಿಕೊಂಡು, ಅಂದ ಮೇಲೆ ಮೇಸ್ತ್ರಿ ಆಗ ಅಷ್ಟು ಗೋಳು ಹೊಯ್ದುಕೊಂಡದ್ದಕ್ಕೇ ಹುಡುಗಿ ಹೀಗೆ ಗಟ್ಟಿಯಾದಳು ಎಂದಳು. ಮೊಮ್ಮಗಳು ನನ್ನ ಪಕ್ಕದಲ್ಲೇ ಇದ್ದಳು.

"ಅಳತಿ ಮೀರಿ ಎಳದ್ರ ಅದು ಅಲ್ಲೇ ತುಂಡಾಕ್ಕೈತ್ರಿ ಅತ್ತಿ. ಎಷ್ಟು ಎಳೀಬೇಕಂತ ನೋಡಾಕ ನಮಗ ವರ್ಷ ಹಿಡೀತು. ಅಂವ ಅಳತಿ ನೋಡಿ ಎಳದಾನೇನ್ರಿ?"

ಎದುರುಮನೆಯವಳು ಒಳಗೆ ಹೋದಳು. ನಾನು ಡಬ್ಬಿ ಹಿಡಿದು ಉಳಿದ ಆ ಒಂದು ಮನೆಗೆ ಒಬ್ಬಳೇ ಹೋದೆ.

ಅವನನ್ನು ಪಡಸಾಲೆಯ ಮಂಚದ ಮೇಲೆ ದಿಂಬಿಗೆ ಒರಗಿಸಿದ್ದರು. ಅಂಗಿ ಬಿಳಿಯದೇ. ಜೊಲ್ಲು ಬೀಳುತ್ತದೆಂದು ಕೂಸಿಗೆ ಕಟ್ಟುವ ಹಾಗೆ ಒಂದು ಟವೆಲು ಕಟ್ಟಿದ್ದರು. ಮುಖದ ಅರ್ಧ ಸತ್ತಿದೆ, ಉಳಿದರ್ಧ ಮೊದಲಿನದೇ. ಮಾತು ನಿಧಾನ, ಆದರೆ ತಿಳಿಯುತ್ತದೆ.

"ಯಾರು, ಡೀಸೆಲ್?"

"ಹೌದ್ರಿ ಮೇಸ್ತ್ರಿ. ಬಾಯಿ ತೆರೀರಿ."

ತೆರೆದ. ಸಕ್ಕರೆ ಹಾಕಿದೆ. ಮುಚ್ಚದ ಕಡೆಯಿಂದ ಅರ್ಧ ಹೊರಗೆ ಸುರಿಯಿತು, ನಾನು ಒರೆಸಲಿಲ್ಲ. ಚೈನಿನ ಮಗಳ ಚೈನು ಹರಿಯಲಿಲ್ಲ ಎಂದು ಅವನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ. ಹೇಗೆ ಕಾಯಿಸಿದರು, ಹೇಗೆ ಜಗ್ಗಿದರು ಎಲ್ಲವನ್ನೂ ಹೇಳಿದೆ. ಅವನು ಕಣ್ಣು ಮುಚ್ಚಿ ಕೇಳಿದ. ಹೊದ್ದಿಕೆಯ ಮೇಲಿದ್ದ ಒಳ್ಳೆಯ ಕೈಯ ಬೆರಳುಗಳು ಸಣ್ಣಗೆ ಉಜ್ಜಿಕೊಳ್ಳುತ್ತಿದ್ದವು.

"ಹರೀಲಿಲ್ಲಂದ್ರ, ಸರಿ ಎಳದಿಲ್ಲ ಅವರು" ಎಂದ.

ನನಗೆ ನಗು ಬಂತು. ನಕ್ಕೆ, ಅವನ ಸೊಸೆ ಒಳಗಿನಿಂದ ಇಣುಕಿ ನೋಡುವಷ್ಟು. ನಕ್ಕು ಮುಗಿಸಿ ಕೇಳಿದೆ.

"ಗದ್ಯಾಗ ನನ್ನ ಮಗನ ಕೊರಳಿಗೆ ಹಾಕಿದ್ರಲ್ಲ, ಅವತ್ತು ಲಾಕ್ ನೋಡಿದ್ರೇನ್ರಿ?"

"ನೋಡಿದ್ದೆ."

"ಹೆಂಗಿತ್ತು?"

"ಛಲೋನ ಇತ್ತು."

"ಮತ್ಯಾಕ ಹಾಕಿದ್ರಿ?"

ಇದೇನು ಕೇಳುವ ಮಾತು ಎನ್ನುವ ಹಾಗೆ ನೋಡಿದ. "ಮಾಲಕ ನಿಂತಿದ್ದ. ಯಾರದರ ಒಂದು ಕೊರಳು ಬೇಕಿತ್ತು. ನಿನ್ನ ಮಗ ಹತ್ರ ಕುಂತಿದ್ದ."

ಇಷ್ಟು ಹೇಳಿ ನಾಲಗೆ ಚಾಚಿದ, ಇನ್ನೊಂದು ಚೂರು ಸಕ್ಕರೆಗೆ. ಸಕ್ಕರೆ ಕಾಯಿಲೆ ಎಂದು ಮನೆಯಲ್ಲಿ ಅವನಿಗೆ ಸಿಹಿ ಮುಟ್ಟಿಸುವುದಿಲ್ಲ. ನಾನು ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿ, ಅವನು ನೋಡುವ ಹಾಗೆ ಸೆರಗಿನ ಕೆಳಗಿಟ್ಟುಕೊಂಡು ಎದ್ದು ಬಂದೆ.

ಮಗ ಗಿರಣಿಯಿಂದ ಬಂದು ಕಾಲು ತೊಳೆಯುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಸೊಸೆ, ಮೊಮ್ಮಗಳು ಇಬ್ಬರೂ ಇದ್ದರು. ಅವರ ಮುಂದೆಯೇ ಹೇಳಿದೆ. ಲಾಕ್ ಒಳ್ಳೆಯದಿತ್ತಂತೆ, ಅವನಿಗೆ ಆಗಲೇ ಗೊತ್ತಿತ್ತಂತೆ, ಅವನ ಬಾಯಿಂದಲೇ ಕೇಳಿ ಬಂದೆ ಎಂದೆ. ಮಗ ಚೆಂಬು ಕೆಳಗಿಟ್ಟ.

"ನನಗೂ ಗೊತ್ತಿತ್ತಬೇ."

"ಏನು ಗೊತ್ತಿತ್ತು?"

"ಇಲ್ಲೇ ಇತ್ತಲ್ಲ, ಗದ್ದದ ಕೆಳಗ. ತುತ್ತಿಗೆ ಬಗ್ಗಿದಾಗೆಲ್ಲ ಕಾಣತಿತ್ತು."

"ಹಂಗಂದ ಮ್ಯಾಲ ಅಲ್ಲೇ ಹೇಳಬೇಕಿತ್ತಲ್ಲೋ."

"ಬಾಯಾಗ ಅನ್ನ ಇತ್ತು" ಎಂದ.

ಸೊಸೆ ಒಲೆಯ ಕಡೆ ತಿರುಗಿದಳು. ನಾನು ತಂದ ಸುದ್ದಿ ಇಷ್ಟು ವರ್ಷ ಅವನ ಗಂಟಲಲ್ಲೇ ಇತ್ತು. ನಾನು ಅದನ್ನು ಡಬ್ಬಿಯಲ್ಲಿಟ್ಟು ಸಕ್ಕರೆಯ ಹಾಗೆ ತಂದಿದ್ದೆ.

ಸಂಜೆ ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ, ಅನ್ನ. ಸೊಸೆ ನಮಗೆ ಬಡಿಸುತ್ತಿದ್ದಳು, ಅದಕ್ಕೆ ಮಗ ತನ್ನ ತಟ್ಟೆಗೆ ಹಾಕಿಸಿಕೊಂಡು ತಾನೇ ಹಿಡಿದು ಹಿತ್ತಲಿಗೆ ಹೊರಟ. ಬಾಗಿಲ ಹತ್ತಿರ ನಿಂತ. ಬೆನ್ನು ನಮ್ಮ ಕಡೆಗೇ ಇತ್ತು. ನಿನ್ನ ಮೊದಲನೆಯ ಚೈನು ಹರಿದಾಗ ಏನು ಮಾಡಿದರು ಎಂದು ಮಗಳನ್ನು ಕೇಳಿದ. ಅವನು ಅದನ್ನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಟೇಬಲ್ ಮ್ಯಾಲ ಇಟ್ರು. ಎಲ್ಲಾರೂ ಸುತ್ತ ಕುಂತು ನೋಡಿದ್ವಿ. ಚಹಾ ತರಿಸಿದ್ರು."

"ಬರೇ ಟೇಬಲ್ ಮ್ಯಾಲ?"

"ಮತ್ತೆಲ್ಲಿಡ್ತಾರಪ್ಪ?"

ಅವನು ತಟ್ಟೆಯನ್ನು ಕೈ ಬದಲಿಸಿ ಹಿಡಿದ. ಆಮೇಲೆ, ಮೊದಲು ಸೀಳಿದ್ದು ಯಾವ ಪಟ್ಟಿ ಎಂದು ಕೇಳಿದ. ಅಂಚಿನದು ಎಂದಳು. ಅಂಚಿನದೇ ಯಾಕೆ, ನಡುವಿನದು ಯಾಕಲ್ಲ ಎಂದು ಇತ್ತ ತಿರುಗಿದ. ಮೊಮ್ಮಗಳು ಬುಟ್ಟಿಯಲ್ಲಿದ್ದ ಹಸಿ ನುಗ್ಗೆಕಾಯಿ ಎತ್ತಿದ್ದೇ, ತನ್ನ ಅವ್ವನ ಕೈಯಿಂದ ಬಳೆಗಳನ್ನು ಕಳಚಿಸಿ ಅದಕ್ಕೆ ಪೋಣಿಸಿದಳು. ಇದು ಪಿನ್ನು, ಬಳೆಗಳು ಪಟ್ಟಿ ಎಂದಳು. ಎರಡೂ ತುದಿ ಚಿವುಟಿ ಹಿಡಿಯಬೇಕು, ಒಬ್ಬಳಿಗೇ ಆಗುವುದಿಲ್ಲ.

"ಅಪ್ಪಾ, ಆ ತುದಿ ಹಿಡಿ."

ಒಂದು ಕೈಯಲ್ಲಿ ತಟ್ಟೆ ಹಿಡಿದು ಅದನ್ನು ಹಿಡಿಯುವುದಾಗದು. ಅವನು ತಟ್ಟೆಯನ್ನು ನಮ್ಮ ತಟ್ಟೆಗಳ ನಡುವೆ ಇಟ್ಟು ಕುಕ್ಕರಗಾಲಿನಲ್ಲಿ ಕೂತ. ಮಗಳು ಬಳೆಗಳನ್ನು ಕೆಳಕ್ಕೆ ಎಳೆದಳು. ನುಗ್ಗೆಕಾಯಿ ನಡುವೆ ಬಾಗಿತು. ನೋಡು, ನಡುವಿನವು ಕೆಳಗೆ ಜಾರಿ ಹಗುರಾದವು, ಅಂಚಿನವು ಸಿಕ್ಕಿಬಿದ್ದು ಹೊರುತ್ತಿವೆ ಎಂದಳು. ಅವನು ತಲೆ ಬಗ್ಗಿಸಿ ಬಹಳ ಹೊತ್ತು ನೋಡಿದ, ಅಂಚಿನ ಬಳೆಯನ್ನು ಬೆರಳಿನಿಂದ ಮೀಟಿದ. ಇನ್ನೂ ಎಳೆ ಎಂದ. ಎಳೆದಳು. ಕಾಯಿ ಲಟ್ಟೆಂದು ಮುರಿಯಿತು, ಬಳೆಗಳು ಸಾರಿನ ಪಾತ್ರೆಯ ತನಕ ಉರುಳಿದವು.

"ನಾಳಿ ಸಾರಿನ ಕಾಯಿ ಹೋತು. ಒಬ್ಬಾಕಿ ಸಾಲದಂತ ಈಗ ಇಬ್ರು ಮುರ್ಯಾವರು ಆದ್ರಿ ಮನ್ಯಾಗ" ಎಂದಳು ಸೊಸೆ. "ಇನ್ನ ನಿಮ್ಮ ತಾಟ ನಾ ಹಿತ್ತಲಕ್ಕ ಹೊರೂದಿಲ್ಲ ನೋಡ್ರಿ, ಬಳಿ ಹುಡುಕೂದ ನನಗ ಸಾಕಾತು."

ಅವನು ಏಳಲಿಲ್ಲ. ಕಾಲು ಮಡಚಿ ಚಕ್ಕಳಮಕ್ಕಳ ಹಾಕಿದ. ಅಂಚಿನ ಪಟ್ಟಿಗಳನ್ನು ಹಾಗಾದರೆ ದಪ್ಪ ಮಾಡಬಹುದಲ್ಲ ಎಂದ. ಮಾಡಿದರೆ ಚೈನು ಭಾರವಾಗುತ್ತದೆ, ಜಾಗ ಸಾಲುವುದಿಲ್ಲ ಎಂದಳು ಮಗಳು. ಅವನು ಅನ್ನ ಕಲಸುತ್ತ ಇನ್ನೇನೋ ಕೇಳಿದ, ಅವಳು ಇನ್ನೇನೋ ಹೇಳಿದಳು. ನನಗೆ ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ನಾನು ಅವನ ಬಾಯಿಯನ್ನೇ ನೋಡುತ್ತಿದ್ದೆ. ನನ್ನ ಮಗನ ಬಲಗಡೆಯ ದವಡೆ ಹಲ್ಲುಗಳು ಯಾವಾಗಲೋ ಬಿದ್ದಿವೆ, ಎಡಗಡೆಯಲ್ಲೇ ಅಗಿಯುತ್ತಾನೆ. ಖಾರ ಹೆಚ್ಚಾದರೆ ಹುಬ್ಬು ಗಂಟಿಕ್ಕುತ್ತಾನೆ. ಇದೊಂದೂ ನನಗೆ ಗೊತ್ತಿರಲಿಲ್ಲ. ಅವನು ಮಾತಿನ ನಡುವೆಯೇ ಇನ್ನೊಂದು ಹೋಳಿಗೆಗೆ ತಟ್ಟೆ ಮುಂದೆ ಸರಿಸಿದ. ನಾನು ಎರಡು ಹಾಕಿ ತುಪ್ಪ ಸುರಿದೆ.